ಜಾಲಿ ಗಿಡದ ಬಿಳಿ ಹದ್ದು

ಹಿಂಗಾರಿ ಕಡಲೆಗೆ ಎಡೆ ಹೊಡೆಯುವ ಹೊತ್ತಿನಲ್ಲಿ ನೀವೂ ಇದನ್ನು ನೋಡಿರುತ್ತೀರಿ. ಕರೆಂಟಿನ ಕಂಬಕ್ಕಿಂತ ಎರಡು ಪಟ್ಟು ಎತ್ತರದಲ್ಲಿ ಒಂದು ಬಿಳಿ ಹಕ್ಕಿ ಗಾಳಿಗೆ ಎದುರಾಗಿ ನಿಂತಲ್ಲೇ ರೆಕ್ಕೆ ಬಡಿಯುತ್ತಿರುತ್ತದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಯಾರೋ ದಾರ ಕಟ್ಟಿ ಮೇಲಿಂದ ಇಳಿಬಿಟ್ಟಂಗೆ ಕಾಣುತ್ತದೆ. ಕಾಲು ಜೋತು ಬಿದ್ದಿರುತ್ತವೆ, ಕಣ್ಣು ನೆಲದ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ರೆಕ್ಕೆ ಎರಡನ್ನೂ ಮೇಲೆತ್ತಿ ಒಂದು ಮೆಟ್ಟಿಲು ಇಳಿಯುತ್ತದೆ. ಮತ್ತೆ ನಿಲ್ಲುತ್ತದೆ. ಮತ್ತೊಂದು ಮೆಟ್ಟಿಲು. ಕೊನೆಗೆ ಕಲ್ಲು ಬಿದ್ದಂಗೆ ನೆಲಕ್ಕೆ. ಎಷ್ಟೋ ಸಲ ಬರಿಗಾಲಲ್ಲೇ ಏಳುತ್ತದೆ. ಸಿಕ್ಕಿದ ದಿನ ಉಗುರಿನಲ್ಲಿ ಇಲಿಯ ಬಾಲ ಜೋಲಾಡುತ್ತಿರುತ್ತದೆ.

ನಮ್ಮ ಎರೆಹೊಲದ ಸೀಮೆಯಲ್ಲಿ ಇದನ್ನು ಬಿಳಿ ಹದ್ದು ಅಂತ ಕರೆದು ಸುಮ್ಮನಾಗುತ್ತೇವೆ. ಪುಸ್ತಕದಲ್ಲಿ ರಾಮದಾಸ ಹದ್ದು ಅಂತ ಇದೆಯೆಂದು ನಮ್ಮೂರ ಹೈಸ್ಕೂಲಿನ ಮಾಸ್ತರರು ಹೇಳಿದರು. ಅವರ ಹತ್ತಿರ ದುರ್ಬೀನು ಇದೆ, ಭಾನುವಾರ ನನ್ನ ಹೊಲದ ಬದುವಿನ ಮೇಲೆ ಬಂದು ಕೂಡುತ್ತಾರೆ. ಮೊದಮೊದಲು ಇವರಿಗೆ ಬೇರೆ ಕೆಲಸ ಇಲ್ಲೇನು ಅಂದುಕೊಂಡಿದ್ದೆ. ಈಗ ಅವರು ಬರದ ವಾರ ನಾನೇ ಫೋನು ಮಾಡುತ್ತೇನೆ.

ಗುರುತು ಹಿಡಿಯೋದು ಹೇಗೆ?

ಹದ್ದು ಅಂದ ಕೂಡಲೇ ಊರ ಮೇಲೆ ಸುತ್ತುವ ಕಂದು ಬಣ್ಣದ ದೊಡ್ಡ ಹದ್ದು ನೆನಪಾಗುತ್ತದೆ. ಇದು ಅದಲ್ಲ. ಮೈ ಕಾಗೆಗಿಂತ ತುಸು ಚಿಕ್ಕದು, ಉದ್ದ ಒಂದಡಿಗೆ ಸ್ವಲ್ಪ ಹೆಚ್ಚು. ರೆಕ್ಕೆ ಚಾಚಿದರೆ ಮಾತ್ರ ಎರಡೂವರೆ ಅಡಿ ದಾಟುತ್ತದೆ. ಕೂತಾಗ ಮಡಚಿದ ರೆಕ್ಕೆಯ ತುದಿ ಬಾಲಕ್ಕಿಂತ ಹಿಂದೆ ಹೋಗಿರುತ್ತದೆ. ಬಾಲ ಗಿಡ್ಡ, ಬಿಳಿ.

ಎದೆ, ಹೊಟ್ಟೆ, ಮುಖ ಎಲ್ಲ ಬಿಳಿ. ಬೆನ್ನು ಬೂದಿ ಬಣ್ಣ, ಒಲೆಯಿಂದ ಈಗಷ್ಟೇ ತೆಗೆದ ಕಟ್ಟಿಗೆ ಬೂದಿಯಂತೆ. ಹೆಗಲ ಮೇಲೆ ಎರಡೂ ಕಡೆ ಕಪ್ಪು ಪಟ್ಟೆ. ಇದೇ ಇದರ ದೊಡ್ಡ ಗುರುತು, ದೂರದಿಂದಲೂ ತಪ್ಪುವುದಿಲ್ಲ. ಕೆಳಗಿನಿಂದ ನೋಡಿದರೆ ರೆಕ್ಕೆಯ ತುದಿಯೂ ಕಪ್ಪು. ಕೊಕ್ಕು ಕಪ್ಪು, ಅದರ ಬುಡ ಹಳದಿ, ಕಾಲೂ ಹಳದಿ. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು, ನಡುವೆ ಕೆಂಪು ಕಣ್ಣು. ಹಣ್ಣು ಮೆಣಸಿನಕಾಯಿ ಕೆಂಪು ಅಂದರೆ ಸರಿಹೋದೀತು. ದುರ್ಬೀನಿನಲ್ಲಿ ಮೊದಲ ಸಲ ಆ ಕಣ್ಣು ನೋಡಿದಾಗ ಅದೇ ನನ್ನನ್ನು ನೋಡುತ್ತಿದೆಯೇನೋ ಅನಿಸಿ ದುರ್ಬೀನು ಇಳಿಸಿಬಿಟ್ಟೆ. ಇದರ ಎರಡು ಕಣ್ಣೂ ಗೂಬೆಯಂತೆ ಮುಂದಕ್ಕಿವೆ. ಪುಕ್ಕವೂ ಗೂಬೆಯ ಪುಕ್ಕದಂತೆ ಮೆತ್ತಗೆ, ಹಾರಿದರೆ ಸಪ್ಪಳ ಕಮ್ಮಿ. ಬೇಟೆಯ ಹೊತ್ತೂ ಗೂಬೆಯ ಹತ್ತಿರದ್ದೇ. ಬೆಳಗಿನ ಜಾವ ಬೆಳಕು ಹರಿಯುವಾಗ ಮತ್ತು ಸಂಜೆ ಎತ್ತು ಬಿಚ್ಚುವ ಹೊತ್ತಿಗೆ ಹೆಚ್ಚು ಚುರುಕು.

ಗಂಡು ಹೆಣ್ಣಿಗೆ ಬಣ್ಣದಲ್ಲಿ ವ್ಯತ್ಯಾಸವಿಲ್ಲ, ಹೆಣ್ಣು ತುಸು ದಪ್ಪ. ಮರಿ ಹಕ್ಕಿ ಬೇರೆ ಜಾತಿಯೇನೋ ಅನ್ನಿಸುವಷ್ಟು ಬೇರೆ. ತಲೆ ಎದೆಯ ಮೇಲೆ ಕಂದು ಛಾಯೆ, ಬೆನ್ನಿನ ಗರಿಗಳಿಗೆ ಬಿಳಿ ಅಂಚು, ಮೀನಿನ ಹುರುಪೆ ಜೋಡಿಸಿದಂತೆ. ಕಣ್ಣು ಇನ್ನೂ ಕೆಂಪಾಗಿರುವುದಿಲ್ಲ, ಹಳದಿ-ಕಂದು.

ಚಳಿಗಾಲದಲ್ಲಿ ಒಂದು ಗೊಂದಲವಾಗಬಹುದು. ಚಾಣ ಅನ್ನುವ ಹಕ್ಕಿಯೂ ಹೀಗೇ ಗಾಳಿಯಲ್ಲಿ ನಿಂತು ರೆಕ್ಕೆ ಬಡಿಯುತ್ತದೆ. ಆದರೆ ಅದರ ಬೆನ್ನು ಇಟ್ಟಿಗೆ ಕೆಂಪು, ಬಾಲ ಉದ್ದ. ಇನ್ನು ಕಡಲೆ ಜೋಳದ ಮೇಲೆ ತೀರಾ ತಗ್ಗಿನಲ್ಲಿ ತೇಲಿಕೊಂಡು ಹೋಗುವುದು ಸೆಳೆವ, ಅದು ಕಜಕಸ್ತಾನದಂಥ ದೂರದ ನಾಡಿನಿಂದ ಚಳಿಗಾಲ ಕಳೆಯಲು ಬರುವ ಅತಿಥಿ. ನಮ್ಮ ರಾಮದಾಸ ಹದ್ದು ಇಲ್ಲಿಯದೇ. ವೈಶಾಖದ ಬಿಸಿಲಲ್ಲೂ ಅದೇ ತಂತಿಯ ಮೇಲೆ ಕೂತು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ.

ಬೇಕಾದ್ದು ಬಯಲು, ಮುಳ್ಳು, ಇಲಿ

ಇದಕ್ಕೆ ದಟ್ಟ ಕಾಡು ಆಗುವುದಿಲ್ಲ. ಅಡಿಕೆ ತೋಟದೊಳಗೆ ಹುಡುಕಿದರೆ ಸಿಗಲಾರದು. ಬಯಲು ಬೇಕು, ನೆಲ ಕಾಣಬೇಕು. ಬೆಳೆ ತೀರಾ ಎತ್ತರವಾಗಿ ಮುಚ್ಚಿಕೊಂಡರೆ ಪಕ್ಕದ ಬೀಡು ಹೊಲಕ್ಕೋ ಗೋಮಾಳಕ್ಕೋ ಹೋಗಿ ಬೇಟೆಯಾಡುತ್ತದೆ. ಆಫ್ರಿಕಾದಿಂದ ಹಿಡಿದು ಸ್ಪೇನ್, ಪೋರ್ಚುಗಲ್ ದೇಶಗಳ ದಕ್ಷಿಣ ಭಾಗ, ನಮ್ಮ ಇಡೀ ದೇಶದ ಬಯಲು, ಅದರಾಚೆಗೂ ಇದು ಇದೆ. ಎಲ್ಲ ಕಡೆಯೂ ಒಂದೇ ಥರದ ಜಾಗ ನೋಡಿಕೊಂಡಿದೆ. ಒಣ ಹುಲ್ಲು, ಒಣ ಬೇಸಾಯ, ಅಲ್ಲೊಂದು ಇಲ್ಲೊಂದು ಗಿಡ. ಅಳಿವಿನ ಅಂಚಿನಲ್ಲಿರುವ ಹಕ್ಕಿ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಇದರ ಬಗ್ಗೆ ಯಾರೂ ಬರೆಯುವುದೂ ಇಲ್ಲ.

ಆ ಅಲ್ಲೊಂದು ಇಲ್ಲೊಂದು ಗಿಡದಲ್ಲೇ ಎಲ್ಲ ಇದೆ. ಹಗಲು ಕೂರಲು ತಂತಿಯಾದರೂ ಆಯಿತು, ಒಣಗಿದ ಟೊಂಗೆಯಾದರೂ ಆಯಿತು. ಗೂಡಿಗೆ ಮಾತ್ರ ಗಿಡ ಬೇಕು, ಅದರಲ್ಲೂ ಮುಳ್ಳಿನ ಗಿಡವಾದರೆ ಇಷ್ಟ. ನಮ್ಮ ಭಾಗದಲ್ಲಿ ಕರಿಜಾಲಿ. ನನ್ನ ಹೊಲದ ಪಶ್ಚಿಮದ ಬದುವಿನಲ್ಲಿ ಅಂಥ ಒಂದು ಗಿಡ ಇದೆ. ನಮ್ಮಪ್ಪ ರಂಟೆ, ಕುಂಟೆಯ ಕಟ್ಟಿಗೆಗೆ ಅಂತ ಉಳಿಸಿದ್ದು. ಈಗ ರಂಟೆಯೂ ಕಬ್ಬಿಣದ್ದು, ಗಿಡ ಹಾಗೇ ಉಳಿಯಿತು.

ಗೂಡು ಅಂದರೆ ಕಡ್ಡಿ ಒಟ್ಟಿದ ಸಣ್ಣ ಅಟ್ಟಣಿಗೆ, ಕಾಗೆ ಗೂಡಿನ ತಮ್ಮನಂತೆ. ಮೂರರಿಂದ ನಾಲ್ಕು ಮೊಟ್ಟೆ, ಕೆನೆ ಬಣ್ಣದ ಮೇಲೆ ಕೆಂಪು-ಕಂದು ಚುಕ್ಕೆ. ಸುಮಾರು ನಾಲ್ಕು ವಾರ ಕಾವು. ಮರಿ ಹಾರಲು ಮತ್ತೆ ಐದು ವಾರ. ಏಪ್ರಿಲ್-ಮೇ ಬಿಟ್ಟರೆ ವರ್ಷದ ಯಾವ ಕಾಲದಲ್ಲೂ ನಮ್ಮ ದೇಶದಲ್ಲಿ ಇದು ಮರಿ ಮಾಡೀತು. ಮರಿ ಒಡೆದ ಮೇಲೆ ಗಂಡಿನ ದುಡಿತ ನೋಡಬೇಕು. ಹೆಣ್ಣು ಗೂಡು ಬಿಟ್ಟು ದೂರ ಹೋಗುವುದಿಲ್ಲ, ಗಂಡು ತಂದದ್ದನ್ನು ಇಸಿದುಕೊಂಡು ಹರಿದು ಮರಿಗೆ ಕೊಡುತ್ತದೆ. ಮರಿ ಹಾರಲು ಕಲಿತ ಮೇಲೂ ಎರಡೂವರೆ ತಿಂಗಳ ತನಕ ಅಪ್ಪನೇ ಉಣಿಸಬೇಕು. ಮೊದಲು ಟೊಂಗೆಯ ಮೇಲೆ ಕೂತು ಕೊಡುತ್ತಾನೆ, ಆಮೇಲೆ ಹಾರಾಡುತ್ತಲೇ ಗಾಳಿಯಲ್ಲಿ ದಾಟಿಸುತ್ತಾನೆ. ಒಂದು ದಿನ ಕಡಲೆಯಲ್ಲಿ ಕಸ ತೆಗೆಯುತ್ತಾ ಎಣಿಸಿದೆ. ಬೆಳಕು ಹರಿದಾಗಿಂದ ನಾವು ಬುತ್ತಿ ಬಿಚ್ಚುವ ತನಕ ಗಂಡು ನಾಲ್ಕು ಸಲ ಇಲಿ ತಂತು, ಒಂದು ಸಲ ಓತಿಕ್ಯಾತ.

ಇಲಿಯಷ್ಟೇ ಅಲ್ಲ. ಮಿಡತೆ, ಚಿಮ್ಮಂಡೆ, ಹಲ್ಲಿ, ಸಣ್ಣ ಹಾವು, ಅಪರೂಪಕ್ಕೆ ಸಣ್ಣ ಹಕ್ಕಿಯೂ ಆದೀತು. ಕೋಳಿ ಮರಿ ಒಯ್ಯುತ್ತದೆ ಅಂತ ಕೆಲವರು ಬೈಯುತ್ತಾರೆ. ನಾನಂತೂ ನೋಡಿಲ್ಲ. ಊರೊಳಗೆ ಬಂದು ಮರಿ ಎತ್ತುವುದು ಕಂದು ಹದ್ದಿನ ಕೆಲಸ, ಬೈಗುಳ ಇದಕ್ಕೆ. ಗಿಡದ ಬುಡದಲ್ಲಿ ಹುಡುಕಿದರೆ ಹೆಬ್ಬೆರಳ ಗಾತ್ರದ ಬೂದು ಉಂಡೆ ಸಿಗುತ್ತವೆ. ಅರಗದ ಕೂದಲು, ಎಲುಬಿನ ಚೂರನ್ನು ಹಕ್ಕಿ ಬಾಯಿಂದ ಉಗುಳಿದ್ದು. ಮೊದಲ ಸಲ ಅದನ್ನು ಹಿಕ್ಕೆ ಅಂದುಕೊಂಡಿದ್ದೆ. ನೀರಲ್ಲಿ ನೆನೆಸಿ ಬಿಡಿಸಿದರೆ ಒಳಗೆ ಇಲಿಯ ದವಡೆ, ಹಳದಿ ಹಲ್ಲು.

1826ರ ಇಲಿ ಕಾಟ

ಎರೆಹೊಲ ಬಿರಿಯುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಆ ಬಿರುಕೇ ಹೊಲದ ಇಲಿಗೆ ಬಾಡಿಗೆಯಿಲ್ಲದ ಮನೆ. ಮುಂಗಾರಿ ಜೋರಾಗಿ ಹೊಡೆದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು ಎಷ್ಟೋ ಇಲಿ ಒಳಗೇ ಸಾಯುತ್ತವೆ. ಮಳೆ ಕೈಕೊಟ್ಟ ವರ್ಷ ಅವು ಉಳಿದುಬಿಡುತ್ತವೆ. ಅಂದರೆ ಬರಗಾಲದಲ್ಲಿ ನಮಗೆ ಎರಡು ಏಟು.

ಇದು ನನ್ನ ತರ್ಕ ಅಲ್ಲ. ವಾಲ್ಟರ್ ಇಲಿಯಟ್ ಅನ್ನುವ ಬ್ರಿಟಿಷ್ ಅಧಿಕಾರಿ ಧಾರವಾಡ ಸೀಮೆಯಲ್ಲಿದ್ದ. 1824ರಲ್ಲಿ ಕಿತ್ತೂರಿನವರು ಸೆರೆಹಿಡಿದ ಇಬ್ಬರು ಬ್ರಿಟಿಷರಲ್ಲಿ ಒಬ್ಬ ಇವನೇ. ಬಿಡುಗಡೆಯಾದ ಮೇಲೂ ಇಲ್ಲೇ ಇದ್ದು ಪ್ರಾಣಿಗಳ ಲೆಕ್ಕ ಬರೆದಿಟ್ಟು 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಮಾಡಿಸಿದ. ಮಾಸ್ತರರು ಅದನ್ನು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. 1826ರಲ್ಲಿ ಮುಂಗಾರಿನ ಮೊದಲ ಮಳೆ ಸಾಲದೆ ಹೊಲದ ಇಲಿ ಪಿಡುಗಿನಂತೆ ಹೆಚ್ಚಿದವು. ಬಿತ್ತಿದ ಬೀಜ ಬಿತ್ತಿದ ಹಾಗೇ ತಿಂದವು. ಉಳಿದದ್ದು ಕಾಳುಗಟ್ಟಿದಾಗ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಲಿ ಹಿಡಿಯುವುದರಲ್ಲಿ ಪಳಗಿದ ಜನರಿಗೆ ಡಜನ್ ಲೆಕ್ಕದಲ್ಲಿ ಕಾಳು ಅಳೆದು ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರು. ಆದರೂ ಕಡಿಮೆಯಾದದ್ದು ಗೊತ್ತಾಗಲಿಲ್ಲವಂತೆ. ಒಂದು ಹೆಣ್ಣಿಗೆ ಒಂದು ಸೂಲಿಗೆ ಆರರಿಂದ ಎಂಟು ಮರಿ ಅಂತಲೂ ಬರೆದಿದ್ದಾನೆ. ಆ ಇಲಿ ಹಿಡಿಯುವವರ ಬಾಯಲ್ಲಿ ಕೇಳಿದ 'ಮೆಟ್ಟಾಡ' ಎಂಬ ಹೆಸರನ್ನು ಅವನು ಬರೆದುಕೊಂಡಿದ್ದ. ಇವತ್ತಿಗೂ ಆ ಇಲಿಯ ಶಾಸ್ತ್ರದ ಹೆಸರಿನಲ್ಲಿ ಅದು ಮೆಲ್ಟಾಡ ಅಂತ ಉಳಿದಿದೆ.

ಕೇಳುತ್ತಾ ಕೇಳುತ್ತಾ ನನ್ನ ಹೊಲದ ಕಥೆಯನ್ನೇ ಯಾರೋ ಇನ್ನೂರು ವರ್ಷ ಹಿಂದೆ ಬರೆದಂತಿತ್ತು. 2023ರಲ್ಲಿ ಮಳೆ ಕೈಬಿಟ್ಟಿತಲ್ಲ, ಆ ವರ್ಷ ನನ್ನ ಜೋಳದಲ್ಲೂ ಬೆಳಿಗ್ಗೆ ಹೋದರೆ ಕಡಿದ ತೆನೆ ಸಾಲಿನಲ್ಲಿ ಬಿದ್ದಿರುತ್ತಿದ್ದವು. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಆ ಹಿಂಗಾರಿಯಲ್ಲಿ ನಮ್ಮ ಸೀಮೆಯ ತಂತಿಗಳ ಮೇಲೆ ಹಿಂದೆಂದೂ ಕಾಣದಷ್ಟು ಬಿಳಿ ಹದ್ದು ಬಂದವು. ಇವು ಇಲಿ ಎಲ್ಲಿ ಹೆಚ್ಚೋ ಅಲ್ಲಿಗೆ ಸಾಗುವ ಹಕ್ಕಿಗಳು, ಸುಗ್ಗಿ ಇದ್ದಲ್ಲಿಗೆ ಕೂಲಿಯವರು ಗುಳೆ ಹೋದಂತೆ.

ಹದ್ದೊಂದಿದ್ದರೆ ಇಲಿಯೇ ಇರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಸಾವಿರಗಟ್ಟಲೆ ಕೊಂದ ಮನುಷ್ಯರಿಂದಲೇ ಆಗದ್ದು ಹದ್ದಿನಿಂದ ಪೂರ್ತಿ ಆದೀತೇ? ಆದರೆ ಹದ್ದು ಕೂಲಿ ಕೇಳುವುದಿಲ್ಲ, ರಜೆ ಹಾಕುವುದಿಲ್ಲ. ರಾತ್ರಿ ಪಾಳಿಗೆ ಗೂಬೆ ಇದೆ. ಜತೆಗೆ ನಾವೂ ಕೈಹಾಕಬೇಕು. ಸಂಜೆ ಹೊಲದ ಬಿಲವೆಲ್ಲ ಮಣ್ಣಿನಿಂದ ಮುಚ್ಚಿ ಬಂದರೆ, ಬೆಳಿಗ್ಗೆ ತೆರೆದಿರುವ ಬಿಲ ಯಾವುದೋ ಅದರಲ್ಲಿ ಮಾತ್ರ ಇಲಿ ಇದೆ ಅಂತ ಅರ್ಥ. ಅದನ್ನು ಅಗೆದರೆ ಸಾಕು, ಇಡೀ ಹೊಲ ಅಗೆಯಬೇಕಿಲ್ಲ. ಇದನ್ನು ನಾನೊಬ್ಬನೇ ಮಾಡಿದರೆ ಬಾಜು ಹೊಲದಿಂದ ಬರುತ್ತವೆ, ಸುತ್ತಲಿನ ನಾಲ್ಕು ಹೊಲದವರು ಕೂಡಿ ಒಂದೇ ವಾರದಲ್ಲಿ ಮಾಡಬೇಕು.

ನಾನು ಮಾಡಿದ ತಪ್ಪು

ಆ 2023ರಲ್ಲೇ ನಾನು ತಾಳ್ಮೆ ಕಳೆದುಕೊಂಡು ಅಂಗಡಿಯಿಂದ ಇಲಿ ಕೇಕು ತಂದೆ. ಬ್ರೋಮಾಡಿಯೋಲೋನ್ ಅಂತ ಅದರ ಮೇಲೆ ಬರೆದಿತ್ತು. ಬಿಲದ ಬಾಯಿಗೆ, ಬದುವಿನ ಉದ್ದಕ್ಕೆ ಇಟ್ಟೆ. ಮೂರನೇ ದಿನವೂ ಇಲಿ ಓಡಾಡುತ್ತಿದ್ದವು, ಕೇಕು ಖೊಟ್ಟಿ ಅಂತ ಬೈದೆ. ಅದು ಕೆಲಸ ಮಾಡುವ ರೀತಿಯೇ ಹಾಗೆ ಅನ್ನೋದು ಆಮೇಲೆ ಗೊತ್ತಾಯಿತು. ತಿಂದ ಇಲಿಯ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು, ಒಳಗೊಳಗೇ ರಕ್ತ ಸೋರಿ, ನಾಲ್ಕೈದು ದಿನಕ್ಕೆ ಸಾಯುತ್ತದೆ. ಸಾಯುವ ಮುಂಚೆ ನಿತ್ರಾಣವಾಗಿ ಹಾಡುಹಗಲೇ ಬಯಲಲ್ಲಿ ತಡವರಿಸುತ್ತದೆ. ವಿಷ ಅದರ ಯಕೃತ್ತಿನಲ್ಲಿ ಹಾಗೇ ಇರುತ್ತದೆ. ಗಾಳಿಯಲ್ಲಿ ನಿಂತು ನೆಲ ನೋಡುವ ಹದ್ದಿಗೆ ಇಂಥ ಇಲಿ ಹಿಡಿಯುವುದಕ್ಕಿಂತ ಸುಲಭದ ಬೇಟೆ ಯಾವುದಿದೆ?

ಎಂಟನೆಯದೋ ಒಂಬತ್ತನೆಯದೋ ದಿನ ಜಾಲಿ ಬುಡದಲ್ಲಿ ಹಕ್ಕಿ ಬಿದ್ದಿತ್ತು. ರೆಕ್ಕೆ ಅರ್ಧ ತೆರೆದಿತ್ತು, ಮೈಮೇಲೆ ಗಾಯ ಇರಲಿಲ್ಲ. ಕೊಕ್ಕಿನ ಬದಿಗೆ ಸ್ವಲ್ಪ ರಕ್ತ. ಕೈಯಲ್ಲಿ ಹಿಡಿದಾಗ ಇಷ್ಟು ಹಗುರವೇ ಅನ್ನಿಸಿತು, ಒಂದು ಪಾವು ಕಾಳಿನಷ್ಟು. ವಿಷದಿಂದಲೇ ಸತ್ತಿತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ, ಯಾರಿಗೂ ತೋರಿಸಲಿಲ್ಲ. ನನ್ನ ಹೆಂಡತಿ ಮಾತ್ರ ನೋಡಿದಳು. "ಇಲಿಗೆ ಇಟ್ಟದ್ದು ಇಲಿಗಷ್ಟ ತಗಲತದೇನು?" ಅಂದಳು. ಗಿಡದಲ್ಲಿ ಗೂಡಿತ್ತು. ಉಳಿದ ಹಕ್ಕಿ ಎರಡು ದಿನ ತಂತಿಯ ಮೇಲೆ ಕೂತು ಸಣ್ಣ ಸಿಳ್ಳೆ ಹಾಕುತ್ತಿತ್ತು. ಮೂರನೇ ದಿನ ಅದೂ ಕಾಣಲಿಲ್ಲ. 2024 ಇಡೀ ವರ್ಷ ಜಾಲಿ ಖಾಲಿ.

ಅಂದಿನಿಂದ ಆ ಕೇಕು ನಾನು ತಂದಿಲ್ಲ. ವಿಷ ಇಡಲೇಬೇಕು ಅನ್ನುವವರಿಗೆ ಒಂದು ಮಾತು. ಬದುವಿನ ಮೇಲೆ ಚೆಲ್ಲಬೇಡಿ, ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ. ಮುಂದಿನ ಹತ್ತು ದಿನ ದಿನವೂ ಹೊಲ ಸುತ್ತಿ ಸತ್ತ ಇಲಿ ಆರಿಸಿ ಆಳವಾಗಿ ಹೂಳಿ. ನಾಯಿ, ಬೆಕ್ಕು ತಿಂದರೂ ಅದೇ ಗತಿ.

ಅದರ ಬದಲು ಈಗ ಕಡಲೆಯಲ್ಲಿ ಕೋಲು ನೆಡುತ್ತೇನೆ. ಕಾಯಿಕೊರಕ ಹುಳು ತಿನ್ನುವ ಕಾಜಾಣ, ಗೊರವಂಕಗಳಿಗೆ ಅಡ್ಡಪಟ್ಟಿಯ ಗಿಡ್ಡ ಕೋಲು ನೆಡಿರಿ ಅಂತ ಕೃಷಿ ಇಲಾಖೆಯವರು ಹೇಳುತ್ತಾರಲ್ಲ, ಅದೇ. ಹದ್ದಿಗೆ ಅಷ್ಟು ತಗ್ಗು ಸಾಲದು. ಹನ್ನೆರಡು-ಹದಿನೈದು ಅಡಿಯ ಬಿದಿರಿಗೆ ಮೇಲೆ ಒಂದು ಮೊಳದ ಅಡ್ಡ ಕಟ್ಟಿಗೆ ಬಿಗಿದು ಹೊಲದ ನಡುವೆ ಎರಡು ನೆಟ್ಟಿದ್ದೇನೆ. ಜೋಳ ಹಾಲುಗಾಳಿಗೆ ಬರುವಾಗ ಮಾತ್ರ ಆ ಹೊಲದ ಕೋಲು ಕಿತ್ತುಬಿಡಿ, ಇಲ್ಲದಿದ್ದರೆ ಗುಬ್ಬಿ, ಗಿಳಿ ಅದರ ಮೇಲೆ ಕೂತು ನಿಮ್ಮ ತೆನೆಗೇ ಇಳಿಯುತ್ತವೆ.

ಗಿಡ ಯಾರದು?

ಇಷ್ಟೆಲ್ಲ ಬರೆಯಲು ಕಾರಣ ಆ ಜಾಲಿ ಗಿಡ. ಅದು ನಿಂತಿರುವುದು ನನ್ನ ಹೊಲಕ್ಕೂ ನಮ್ಮ ಕಾಕಾನ ಮಗನ ಹೊಲಕ್ಕೂ ನಡುವಿನ ಬದುವಿನಲ್ಲಿ. ಬುಡ ನಡುಬದುವಿಗೇ ಇದೆ, ನೆರಳು ಮಾತ್ರ ಹೆಚ್ಚು ಅವನ ಕಡೆ ಬೀಳುತ್ತದೆ. ಹೋದ ಸುಗ್ಗಿಯಲ್ಲಿ ಅವನು ಬಂದ.

"ಅಣ್ಣಾ, ಆ ಗಿಡದ ಹಂತ್ಯಾಕ ಟ್ರ್ಯಾಕ್ಟರ್ ಹೊಳ್ಳೂದಿಲ್ಲ. ನೆಳ್ಳಿಗೆ ಕಡ್ಲಿ ಕಾಯಿ ಕಟ್ಟೂದಿಲ್ಲ. ಒಂದ ಹಕ್ಕಿ ಸಲುವಾಗಿ ನಾ ಎಷ್ಟ ಲುಕ್ಸಾನ ಮಾಡ್ಕೋಬೇಕು?"

ಅವನು ಕೇಳಿದ್ದು ನ್ಯಾಯವೇ. ಮರುದಿನ ಇಬ್ಬರೂ ಹೋಗಿ ನೆರಳನ್ನು ಹೆಜ್ಜೆ ಹಾಕಿ ಅಳೆದೆವು. ಎರಡು ಗುಂಟೆ ಬಂತು. ಎಕರೆಗೆ 5 ಕ್ವಿಂಟಲ್ ಹಿಡಿದರೆ ಎರಡು ಗುಂಟೆಗೆ 25 ಕಿಲೋ. ನೆರಳಿಗೆ ಅರ್ಧ ಹೋಯಿತೆಂದರೆ ಹನ್ನೆರಡು-ಹದಿಮೂರು ಕಿಲೋ ಕಡಲೆ. ಅಷ್ಟು ಕಡಲೆ ನಾನು ನನ್ನ ರಾಶಿಯಿಂದ ಅಳೆದು ಕೊಡುತ್ತೇನೆ ಅಂದೆ. ಅವನಿಗೆ ಸಿಟ್ಟು ಬಂತು. ಅಣ್ಣನಿಂದ ಕಡಲೆ ಅಳೆಸಿಕೊಂಡ ಅಂತ ಊರು ಆಡಿಕೊಳ್ಳುವುದಿಲ್ಲವೇ? ನಾನು ಹಾಗೆ ಹೇಳಬಾರದಿತ್ತು.

ಆಮೇಲೆ ಮಾಸ್ತರರು ನಡುವೆ ಬಂದು ಒಂದು ದಾರಿ ತೋರಿಸಿದರು. ಗಿಡ ಕಡಿಯುವುದು ಬೇಡ, ಕೆಳಗಿನ ಟೊಂಗೆ ಸವರಿದರೆ ಟ್ರ್ಯಾಕ್ಟರ್ ಹೊಳ್ಳುತ್ತದೆ, ನೆರಳೂ ಕಡಿಮೆಯಾಗುತ್ತದೆ, ಸವರಿದ ಮುಳ್ಳು ಅವನ ಹಿತ್ತಲ ಬೇಲಿಗೆ. ಗೂಡಿಲ್ಲದ ಮೇ ತಿಂಗಳಲ್ಲಿ ಸವರಬೇಕು. ಗೂಡು ಇರುವಾಗ ಕೈಹಚ್ಚಿದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಆಗುತ್ತದೆ ಅಂತಲೂ ಹೇಳಿದರು. ಕಾಯ್ದೆಯ ಮಾತು ಬಂದಿದ್ದಕ್ಕೆ ಅವನು ಮತ್ತೆ ಮುಖ ಗಂಟು ಹಾಕಿದ. ಆದರೂ ಮೇ ತಿಂಗಳಲ್ಲಿ ಕೊಡಲಿ ಹಿಡಿದು ಅವನೇ ಬಂದ. ಕೆಳಗಿನ ಐದು ಟೊಂಗೆ ಸವರಿದೆವು. ಪೂರ್ತಿ ಕಡಿಯುವ ಮಾತನ್ನು ಅವನು ಬಿಟ್ಟಿಲ್ಲ, ಈ ಕಡಲೆಯ ರಾಶಿ ಆಗಲಿ, ನೆರಳಿನ ಎರಡು ಗುಂಟೆಯನ್ನು ಬೇರೆಯಾಗಿ ಕಿತ್ತು, ಬಡಿದು, ತೂಗಿ ನೋಡೋಣ ಅಂದಿದ್ದಾನೆ. ನಾನೂ ಒಪ್ಪಿದ್ದೇನೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಒಂದು ಜೋಡಿ ಬಂತು. ಹಳೇ ಗೂಡಿನ ಕಡ್ಡಿ ಇನ್ನೂ ಸ್ವಲ್ಪ ಉಳಿದಿದ್ದವು, ಅವನ್ನು ಬಿಟ್ಟು ಮೇಲಿನ ಕವಲಿನಲ್ಲಿ ಹೊಸದು ಕಟ್ಟಿವೆ. ಮೊನ್ನೆ ನೀರಿನ ಬಿಂದಿಗೆ ಇಳಿಸಿ ನಿಂತಿದ್ದಾಗ ಬಾಜು ಹೊಲದಿಂದ ಕಾಕಾನ ಮಗ ಕೂಗಿದ.

"ಅಣ್ಣಾ, ಇವತ್ತ ಮುಂಜಾನಿಂದ ಮೂರು ಇಲಿ ತಂತು ನೋಡು. ನಾ ಎಣಸೀನಿ. ಮೂರೂ ನನ್ನ ಹೊಲದಾವ!"